ಓಸಿ ರೂಮಿಗೆ ಬಾಡಿಗೆ ಎಷ್ಟು?



ಯಾವ ನಟಿಯ ಮದುವೆ ಯಾವಾಗ, ಯಾವ ಹೀರೋಗೆ ಯಾರ ಮೇಲೆ ಮುನಿಸು ಅನ್ನೋ ಮಾಮೂಲಿ ಪತ್ರಗಳ ನಡುವೆ ಈ ವಾರ ದಾವಣಗೆರೆಯಿಂದ ಬೇರೆ ಥರದ್ದೊಂದು ಪತ್ರ ಬಂದಿದೆ. ಬರೆದವರು ಮೊಬೈಲ್ ರಿಪೇರಿ ಅಂಗಡಿಯಲ್ಲಿ ಕೆಲಸ ಮಾಡುವ ತರುಣರು. ಹೆಸರು ಹಾಕಬೇಡಿ ಅಂದಿದ್ದಾರೆ, ಹಾಕಲ್ಲ. ಪತ್ರದ ಸಾರಾಂಶ ಇಷ್ಟು: “ಸಾರ್, ನಾವು ಮೂರು ಜನ ಗೆಳೆಯರು ಗೋವಾಕ್ಕೆ ಹೊರಟಿದ್ದೀವಿ. ಕ್ಯಾಸಿನೋದಲ್ಲಿ ಆಡಿದರೆ ರೂಮ್ ಫ್ರೀ, ಊಟ ಫ್ರೀ, ಡ್ರಿಂಕ್ಸ್ ಫ್ರೀ ಅಂತ ಒಬ್ಬ ಏಜೆಂಟ್ ಹೇಳ್ತಿದ್ದಾನೆ. ಇಂಗ್ಲಿಷ್ ಸಿನಿಮಾದಲ್ಲಿ ಹೀರೋಗೆ ಕೊಡ್ತಾರಲ್ಲ, ಹಾಗೇ ನಮಗೂ ಕೊಡ್ತಾರಾ? ನೀವು ಸಿನಿಮಾ ಪತ್ರಕರ್ತರು, ನಿಮಗೆ ಗೊತ್ತಿರುತ್ತೆ.”

ಗೊತ್ತಿದೆ ಮಿತ್ರರೇ. ಎಷ್ಟು ಚೆನ್ನಾಗಿ ಗೊತ್ತಿದೆ ಅನ್ನೋದನ್ನ ಕೊನೆಯಲ್ಲಿ ಹೇಳ್ತೀನಿ. ಮೊದಲು ನಿಮ್ಮ ಪ್ರಶ್ನೆಗೆ ಬರೋಣ.

ಬೆಂಗಳೂರಲ್ಲಿ ಪುಕ್ಕಟೆ ಸಿಕ್ಕಿದ್ದಕ್ಕೆಲ್ಲ ‘ಓಸಿ’ ಅಂತೀವಿ. ಓಸಿ ಕಾಫಿ, ಓಸಿ ಟಿಕೆಟ್, ಓಸಿ ಗಿರಾಕಿ. ಅದೇ ಓಸಿ ಅಂದ್ರೆ ಮಟ್ಕಾನೂ ಹೌದು. ಓಪನ್, ಕ್ಲೋಸ್, ಓಸಿ! ಚೀಟಿ ಬರೆಸಿ ಬರೆಸಿ ಮನೆ ಕಳಕೊಂಡವರು ನಿಮ್ಮೂರಲ್ಲೂ ಒಬ್ಬರಾದ್ರೂ ಇದ್ದೇ ಇರ್ತಾರೆ. ಪುಕ್ಕಟೆಗೂ ಜೂಜಿಗೂ ಒಂದೇ ಹೆಸರಿಟ್ಟ ನಮ್ಮ ಜನ ದಡ್ಡರಲ್ಲ ಬಿಡಿ.

ಓಸಿ ನಮ್ಮ ಗಾಂಧಿನಗರದಲ್ಲೂ ಇದೆ. ಪ್ರೆಸ್ ಮೀಟಿಗೆ ಹೋದರೆ ಬಿರಿಯಾನಿ, ಮುಹೂರ್ತಕ್ಕೆ ಹೋದರೆ ಕೇಸರಿಬಾತು. ಹಾಗಂತ ನಿರ್ಮಾಪಕರೇನು ಅನ್ನಛತ್ರ ಇಟ್ಟಿದ್ದಾರಾ? ತಿಂದವನು ನಾಳೆ ನಾಲ್ಕು ಸಾಲು ಬರೀತಾನೆ ಅನ್ನೋ ಲೆಕ್ಕ. ಕ್ಯಾಸಿನೋದವರದೂ ಅಂಥದೇ ಲೆಕ್ಕ. ವ್ಯತ್ಯಾಸ ಏನಪ್ಪಾ ಅಂದ್ರೆ, ಅವರು ಪೈಸೆ ಪೈಸೆಗೂ ಬರೆದಿಡ್ತಾರೆ.

ಸೋಪು ಕದ್ದ ಕೋಟ್ಯಧೀಶ!

ಈ ಓಸಿ ರೂಮಿನ ತವರು ಅಮೆರಿಕದ ಲಾಸ್ ವೇಗಾಸ್. ನೆವಾಡ ರಾಜ್ಯದಲ್ಲಿ ಜೂಜು ಕಾನೂನುಬದ್ಧವಾದದ್ದು 1931ರಲ್ಲಿ. ಆ ಮರಳುಗಾಡಿಗೆ ಜನ ಬರಬೇಕಲ್ಲ? ರೂಮು ಅಗ್ಗ, ಊಟ ಅಗ್ಗ, ದೊಡ್ಡ ಆಟಗಾರನಿಗೆ ಎಲ್ಲಾ ಪುಕ್ಕಟೆ. ಖರ್ಚೆಲ್ಲ ಜೂಜಿನ ಟೇಬಲ್ಲಿನಿಂದ ವಸೂಲಿ. ಈ ಪುಕ್ಕಟೆಗೆ ಅಲ್ಲಿಯವರು ಇಟ್ಟ ಹೆಸರು ‘ಕಾಂಪ್’.

1988ರ ‘ರೈನ್ ಮ್ಯಾನ್’ ನೋಡಿದ್ದೀರಾ? ಡಸ್ಟಿನ್ ಹಾಫ್‌ಮನ್‌ಗೆ ಆಸ್ಕರ್ ತಂದ ಚಿತ್ರ. ತಮ್ಮ ಟಾಮ್ ಕ್ರೂಸ್, ಒಂದು ಸಲ ನೋಡಿದ ಎಲೆ ಮರೆಯದ ಅಣ್ಣನನ್ನ ವೇಗಾಸಿನ ಸೀಸರ್ಸ್ ಪ್ಯಾಲೇಸಿಗೆ ಕರ್ಕೊಂಡು ಹೋಗ್ತಾನೆ. ಬ್ಲ್ಯಾಕ್‌ಜ್ಯಾಕ್ ಟೇಬಲ್ಲಲ್ಲಿ ಹಣದ ಸುರಿಮಳೆ. ಕ್ಯಾಸಿನೋದವರು ಭಾರಿ ಸೂಟ್ ಬಿಟ್ಟುಕೊಡ್ತಾರೆ. ಥಿಯೇಟರಲ್ಲಿ ಶಿಳ್ಳೆ! ಆದರೆ ಮುಂದೇನಾಯ್ತು? ಕ್ಯಾಮೆರಾದಲ್ಲಿ ಇವರ ಆಟ ನೋಡ್ತಿದ್ದ ಸೆಕ್ಯುರಿಟಿಯವರು ಗಂಟು ಕಟ್ಟಿ ಹೊರಡಿ ಅಂತಾರೆ. ಕಳೆಯೋನಿಗೆ ರೂಮು, ಲೆಕ್ಕ ಗೊತ್ತಿರೋನಿಗೆ ಬಾಗಿಲು.

ಇನ್ನೂ ಚೆನ್ನಾದ ಪಾಠ 1995ರ ‘ಕ್ಯಾಸಿನೋ’ದಲ್ಲಿದೆ. ನಿರ್ದೇಶನ ಮಾರ್ಟಿನ್ ಸ್ಕಾರ್ಸೆಸಿ, ನಾಯಕ ರಾಬರ್ಟ್ ಡಿ ನೀರೋ. ಅದರಲ್ಲಿ ಒಬ್ಬ ಜಪಾನಿ ಕುಬೇರ ಬರ್ತಾನೆ. ಓಸಿ ವಿಮಾನ, ಓಸಿ ರೂಮು. ಇಷ್ಟಾದರೂ ಆಸಾಮಿ ಹೋಟೆಲಿನ ಸೋಪು, ಶಾಂಪೂ, ಟವೆಲು ಬಿಡಲ್ಲ! ಇಪ್ಪತ್ತು ಲಕ್ಷ ಡಾಲರ್ ಗೆದ್ದು ಹೊರಟ. ಡಿ ನೀರೋ ಏನು ಮಾಡಿದ ಗೊತ್ತಾ? ವಿಮಾನ ಕೆಟ್ಟಿದೆ ಅಂತ ಪೈಲಟ್ ಕೈಲಿ ಸುಳ್ಳು ಹೇಳಿಸಿ, ವಾಪಸ್ ಕರೆಸಿ, ಮತ್ತೆ ಓಸಿ ರೂಮು ಕೊಟ್ಟ. ಸುಮ್ಮನೆ ಕೂರೋದು ಹೇಗೆ ಅಂತ ಸಾಹುಕಾರ ಸಣ್ಣಗೆ ಆಡೋಕೆ ಶುರು ಮಾಡಿದ. ಆಮೇಲೆ ದೊಡ್ಡದಾಗಿ. ಗೆದ್ದದ್ದೂ ಹೋಯ್ತು, ಅದರ ಮೇಲೆ ಕೈಯಿಂದಲೂ ಹೋಯ್ತು. ಆ ರಾತ್ರಿ ಓಸಿ ರೂಮು ಯಾಕೆ ಕೊಟ್ಟದ್ದು ಅಂತ ಬಿಡಿಸಿ ಹೇಳಬೇಕಾ?

ಲೆಕ್ಕ ಹೀಗಿದೆ ಸ್ವಾಮೀ

ಬಹಳ ಜನ ತಿಳಕೊಂಡಿರೋದು, ಎಷ್ಟು ಸೋತೆವೋ ಅದನ್ನ ನೋಡಿ ಪಾಪ ಅಂತ ರೂಮು ಕೊಡ್ತಾರೆ ಅಂತ. ಹೆಚ್ಚಾಗಿ ಹಾಗಲ್ಲ. ನೀವು ಆಡಿದ ರೀತಿಗೆ ಎಷ್ಟು ಸೋಲ‘ಬೇಕು’ ಅಂತ ಅವರದೇ ಒಂದು ಲೆಕ್ಕ ಇದೆ. ಒಂದು ಆಟಕ್ಕೆ ಸರಾಸರಿ ಎಷ್ಟು ಕಟ್ತೀರಿ, ಗಂಟೆಗೆ ಎಷ್ಟು ಆಟ, ಎಷ್ಟು ಗಂಟೆ ಕೂತಿರಿ, ಆ ಆಟದಲ್ಲಿ ಕ್ಯಾಸಿನೋದ ಪಾಲು ನೂರಕ್ಕೆ ಎಷ್ಟು... ಈ ನಾಲ್ಕನ್ನೂ ಗುಣಿಸೋದು. ಬಂದ ಮೊತ್ತದಲ್ಲಿ ಸಾಮಾನ್ಯವಾಗಿ ನೂರಕ್ಕೆ 20ರಿಂದ 40ರಷ್ಟನ್ನ ರೂಮು, ಊಟದ ರೂಪದಲ್ಲಿ ವಾಪಸ್ ಕೊಡ್ತಾರೆ.

ಉದಾಹರಣೆಗೆ ಬ್ಲ್ಯಾಕ್‌ಜ್ಯಾಕ್. ಆಟಕ್ಕೆ 25 ಡಾಲರ್, ಗಂಟೆಗೆ 60 ಆಟ, 4 ಗಂಟೆ. ಒಟ್ಟು 6,000 ಡಾಲರ್ ಟೇಬಲ್ ಮೇಲೆ ಓಡಾಡಿತು. ಸಾಧಾರಣ ಆಟಗಾರನಿಂದ ಕ್ಯಾಸಿನೋಗೆ ನೂರಕ್ಕೆ 2 ಸಿಗುತ್ತೆ ಅಂತ ಇಟ್ಕೊಳ್ಳಿ, 120 ಡಾಲರ್ ಆಯ್ತು. ಅದರಲ್ಲಿ ನೂರಕ್ಕೆ 30 ಅಂದ್ರೆ ನಿಮಗೆ ಬರೋ ಓಸಿ 36 ಡಾಲರ್. ಆ ದೊಡ್ಡ ಹೋಟೆಲುಗಳಲ್ಲಿ ಇಬ್ಬರ ಊಟಕ್ಕೇ ಸಾಲೋದು ಕಷ್ಟ!

ರೂಲೆಟ್ ಚಕ್ರಕ್ಕೆ ಬನ್ನಿ. ಅಮೆರಿಕದ ಚಕ್ರದಲ್ಲಿ 1ರಿಂದ 36, ಜೊತೆಗೆ ಒಂದು ಸೊನ್ನೆ, ಒಂದು ಜೋಡಿ ಸೊನ್ನೆ, ಒಟ್ಟು 38 ಮನೆ. ನಿಮ್ಮ ನಂಬರ್ ಬಿದ್ದರೆ ಒಂದಕ್ಕೆ 35 ಕೊಡ್ತಾರೆ. ನ್ಯಾಯವಾಗಿ ಕೊಡಬೇಕಾದ್ದು 37. ಆ ಎರಡು ಸೊನ್ನೆ ಮನೆಗಳೇ ಕ್ಯಾಸಿನೋದ ಅನ್ನ: ನೂರಕ್ಕೆ 5.26. ಒಂದೇ ಸೊನ್ನೆ ಇರೋ ಚಕ್ರದಲ್ಲಿ ಇದು 2.70.

ಸ್ಲಾಟ್ ಮೆಷಿನ್ನು ಬಡವರ ಆಟ ಅಂತೀರಾ? ಸಲಕ್ಕೆ ಒಂದೇ ಡಾಲರ್, ಗಂಟೆಗೆ 500 ಸಲ ಗುಂಡಿ ಒತ್ತಿದರೆ, ನೂರಕ್ಕೆ 8 ಕಳೆಯೋ ಮೆಷಿನ್ನಿನಲ್ಲಿ ಗಂಟೆಗೆ 40 ಡಾಲರ್ ಖೋತಾ. ಕೋಟು ಹಾಕ್ಕೊಂಡು ಬ್ಲ್ಯಾಕ್‌ಜ್ಯಾಕ್ ಟೇಬಲ್ಲಲ್ಲಿ 25 ಡಾಲರ್ ಕಟ್ಟೋ ಸಾಹೇಬರದು ಗಂಟೆಗೆ 30. ಅದಕ್ಕೇ ಸ್ಲಾಟ್ ಆಡೋ ಅಜ್ಜಿಗೆ ರೂಮು ಬೇಗ ಸಿಗುತ್ತೆ!

ಪಡೆಯೋ ದಾರಿ

ಹೇಗಿದ್ದರೂ ವೇಗಾಸಿಗೆ ಹೋಗೋ ಅದೃಷ್ಟ ಇದ್ದವರಿಗೆ ಕೆಲವು ಗುಟ್ಟು ಹೇಳಿಬಿಡ್ತೀನಿ. ಕೌಂಟರಿನಲ್ಲಿ ‘ಪ್ಲೇಯರ್ಸ್ ಕಾರ್ಡ್’ ಪುಕ್ಕಟೆ ಕೊಡ್ತಾರೆ. ಮೆಷಿನ್ನಿಗೆ ಮೊದಲು ಅದನ್ನ ತೂರಿಸಿ, ಟೇಬಲ್ಲಿಗೆ ಕೂರೋ ಮೊದಲೇ ಡೀಲರ್ ಕೈಗೆ ಕೊಡಿ. ಕಾರ್ಡ್ ಇಲ್ಲದೆ ಆಡಿದ್ದು ಲೆಕ್ಕಕ್ಕೆ ಬರಲ್ಲ. ಹತ್ತು ಕಡೆ ಹಂಚಿ ಆಡೋ ಬದಲು ಒಂದೇ ಕಂಪನಿಯ ಕ್ಯಾಸಿನೋಗಳಲ್ಲಿ ಆಡಿ. ಖರ್ಚೆಲ್ಲ ರೂಮಿನ ಬಿಲ್ಲಿಗೆ ಬರೆಸಿ, ಹೊರಡೋ ಮೊದಲು ‘ಹೋಸ್ಟ್’ ಅನ್ನೋ ಅಧಿಕಾರಿಯನ್ನ ಕಂಡು, ನನ್ನ ಆಟದ ಮೇಲೆ ಇದರಲ್ಲಿ ಎಷ್ಟು ತೆಗೀತೀರಿ ಅಂತ ಕೇಳಿ. ಕೇಳದವನಿಗೆ ಕೊಡಲ್ಲ. ಶನಿವಾರಕ್ಕಿಂತ ವಾರದ ಮಧ್ಯೆ ರೂಮು ಸುಲಭ. ಆಡ್ತಾ ಕೂತವರಿಗೆ ಡ್ರಿಂಕ್ಸ್ ಓಸಿ, ತಂದುಕೊಟ್ಟ ಹುಡುಗಿಗೆ ಒಂದೆರಡು ಡಾಲರ್ ಟಿಪ್ಸ್ ಕೊಡೋದು ಮರ್ಯಾದೆ.

ಸಣ್ಣ ಅಕ್ಷರದಲ್ಲಿ ಇರೋದನ್ನೂ ಓದಿ. ‘ರಿಸಾರ್ಟ್ ಫೀ’ ಅಂತ ದಿನಕ್ಕೆ 40–50 ಡಾಲರ್ ಕೇಳೋ ಹೋಟೆಲು ಅಲ್ಲಿ ಬೇಕಾದಷ್ಟಿವೆ. ರೂಮು ಫ್ರೀ ಅಂದ ಮೇಲೂ ಇದು ಬಿಲ್ಲಿನಲ್ಲಿ ಬರುತ್ತಾ ಅಂತ ಮೊದಲೇ ಕೇಳಿಕೊಳ್ಳಿ. ಕೆಲವು ರೂಮುಗಳ ಫ್ರಿಜ್ಜಿನಲ್ಲಿ ಬಾಟಲಿ ಎತ್ತಿ ಇಟ್ಟರೂ ಸಾಕು, ಬಿಲ್ಲಿಗೆ ಬೀಳುತ್ತೆ. ಒಂದು ದೊಡ್ಡ ಕಂಪನಿಯಂತೂ 2016ರಲ್ಲಿ ಪಾರ್ಕಿಂಗಿಗೂ ದುಡ್ಡು ಕೇಳೋಕೆ ಶುರು ಮಾಡಿತು. ಈಗ ಅಲ್ಲಿಯ ದೊಡ್ಡ ಹೋಟೆಲುಗಳಿಗೆ ಜೂಜಿಗಿಂತ ರೂಮು, ಊಟ, ಶೋಗಳಿಂದಲೇ ಹೆಚ್ಚು ಆದಾಯ. ಆದ್ದರಿಂದ ಓಸಿಯೂ ಬಿಗಿ.

ತಿಮಿಂಗಿಲಗಳ ಕಥೆ

ಕೋಟಿಗಟ್ಟಲೆ ಕಟ್ಟೋ ಆಟಗಾರನಿಗೆ ವೇಗಾಸಿನಲ್ಲಿ ‘ತಿಮಿಂಗಿಲ’ ಅಂತಾರೆ. ಟೆರಿ ವಟಾನಬೆ ಅನ್ನೋ ಅಮೆರಿಕದ ವ್ಯಾಪಾರಿ 2007ನೇ ಇಸವಿ ಒಂದರಲ್ಲೇ ವೇಗಾಸಿನಲ್ಲಿ ಸುಮಾರು 12 ಕೋಟಿ 70 ಲಕ್ಷ ಡಾಲರ್ ಸೋತದ್ದು ಪತ್ರಿಕೆಗಳಲ್ಲಿ ವರದಿಯಾಯಿತು. ಅವರಿಗೆ ಸಿಕ್ಕ ಓಸಿಯ ಪಟ್ಟಿಯಲ್ಲಿ ಸೂಟ್, ವಿಮಾನದ ಖರ್ಚು, ರೋಲಿಂಗ್ ಸ್ಟೋನ್ಸ್ ತಂಡದ ಕಾರ್ಯಕ್ರಮದ ಟಿಕೆಟ್ ಎಲ್ಲಾ ಇತ್ತು. ಕುಟುಂಬ ಕಟ್ಟಿದ ವ್ಯಾಪಾರದ ಸಂಪತ್ತು ಹೋಗಿ, ಟಿಕೆಟ್ ಉಳಿಯಿತು.

ಇದಕ್ಕೆ ತಿರುಗುಬಾಣ ಬಿಟ್ಟವರು ಒಬ್ಬರಿದ್ದಾರೆ: ಡಾನ್ ಜಾನ್ಸನ್. ‘ಮಯಾಮಿ ವೈಸ್’ ಧಾರಾವಾಹಿಯ ಹೀರೋ ಅಲ್ಲ ಮತ್ತೆ, ಅದೇ ಹೆಸರಿನ ಬೇರೆ ಮನುಷ್ಯ. ಆಗ ಅಟ್ಲಾಂಟಿಕ್ ಸಿಟಿಯ ಕ್ಯಾಸಿನೋಗಳಿಗೆ ವ್ಯಾಪಾರ ಬಿದ್ದುಹೋಗಿತ್ತು. ದೊಡ್ಡ ಆಟಗಾರರಿಗೆ ಕೈ ಮುಗಿದು ಕರೀತಿದ್ರು. ಈತ ರೂಮು, ಷಾಂಪೇನು ಅಂತ ಮರುಳಾಗದೆ, ಸೋತರೆ ನೂರಕ್ಕೆ 20 ವಾಪಸ್ ಕೊಡಿ, ಆಟದ ನಿಯಮ ಹೀಗಿರಲಿ ಅಂತ ಕೂತು ಚೌಕಾಸಿ ಮಾಡಿದರು. ಲೆಕ್ಕ ತನ್ನ ಕಡೆ ವಾಲಿದ ಮೇಲೇ ಎಲೆ ಮುಟ್ಟಿದ್ದು. 2011ರಲ್ಲಿ ಟ್ರಾಪಿಕಾನಾ ಅನ್ನೋ ಕ್ಯಾಸಿನೋದಲ್ಲಿ ಒಂದೇ ರಾತ್ರಿ 58 ಲಕ್ಷ ಡಾಲರ್, ಮೂರು ಕ್ಯಾಸಿನೋ ಸೇರಿ ಸುಮಾರು ಒಂದೂವರೆ ಕೋಟಿ ಡಾಲರ್ ಗೆದ್ದರು. ಆದರೆ ಅಂಥವರು ಲಕ್ಷಕ್ಕೊಬ್ಬರು. ಆಟಕ್ಕೆ ಸಾವಿರಾರು ಡಾಲರ್ ಕಟ್ಟೋ ತಾಕತ್ತಿದ್ದವನ ಚೌಕಾಸಿಗೆ ಬೆಲೆ. ನಮ್ಮ ನಿಮ್ಮ ಚೌಕಾಸಿ ಕೇಳೋರು ಯಾರು?

ಇನ್ನು ನಮ್ಮ ಗೋವಾ

ಅಣ್ಣಾವ್ರು 1968ರಲ್ಲಿ ‘ಗೋವಾದಲ್ಲಿ ಸಿ.ಐ.ಡಿ. 999’ ಆಗಿ ಹೋದಾಗ ಮಾಂಡೋವಿ ನದಿಯಲ್ಲಿ ಕ್ಯಾಸಿನೋ ಹಡಗುಗಳಿರಲಿಲ್ಲ. ಅಲ್ಲಿನ ಜೂಜಿನ ಕಾನೂನು ಬಂದದ್ದು 1976ರಲ್ಲಿ. 1992ರ ತಿದ್ದುಪಡಿಯಿಂದ ಪಂಚತಾರಾ ಹೋಟೆಲಿಗೆ ಮೆಷಿನ್ನು ಬಂತು, 1996ರ ತಿದ್ದುಪಡಿ ಹಡಗಿಗೆ ದಾರಿ ಮಾಡಿತು. ಈಗ ಬೆಳಗಾವಿ, ಹುಬ್ಬಳ್ಳಿ, ಬೆಂಗಳೂರಿನಿಂದ ರಾತ್ರಿ ಬಸ್ಸು ಹತ್ತಿದ ನಮ್ಮ ಹುಡುಗರನ್ನ ಪಣಜಿಯ ಆ ದೀಪಗಳ ಕೆಳಗೆ ಬೇಕಾದಷ್ಟು ಕಾಣಬಹುದು. ಪ್ರವೇಶದ ಟಿಕೆಟ್ಟಿನಲ್ಲೇ ಊಟ, ಡ್ರಿಂಕ್ಸ್, ಒಂದಿಷ್ಟು ಚಿಪ್ಸ್ ಸೇರಿರುತ್ತೆ. ಆ ಚಿಪ್ಸ್ ಸಾಮಾನ್ಯವಾಗಿ ಆಡೋಕೆ ಮಾತ್ರ, ಕೌಂಟರಿನಲ್ಲಿ ದುಡ್ಡು ಮಾಡ್ಕೊಳ್ಳೋಕೆ ಆಗಲ್ಲ.

ಇಷ್ಟೆಲ್ಲ ಬಲ್ಲ ಈ ಪಂಡಿತನ ಕಥೆ ಕೇಳಿ. ಎರಡು ವರ್ಷದ ಹಿಂದೆ ನಾನೂ ಒಬ್ಬ ಗೆಳೆಯನ ಜೊತೆ ಹೋಗಿದ್ದೆ. ಆಗ ಈ ಲೆಕ್ಕ ಒಂದೂ ಗೊತ್ತಿರಲಿಲ್ಲ. ಪಿಯುಸಿ ಅರ್ಧಕ್ಕೆ ಬಿಟ್ಟವನು ನಾನು, ಗಣಿತಕ್ಕೆ ಹೆದರಿಯೇ ಬಿಟ್ಟದ್ದು! ಜೇಬಿನಲ್ಲಿ 32 ಸಾವಿರ ಇತ್ತು. ಅದು ಅಮ್ಮನ ಬಳೆ ಬಿಡಿಸೋ ದುಡ್ಡು. ನನಗೆ ಮೋಟಾರ್ ಸೈಕಲ್ ಕೊಡಿಸೋಕೆ ಅಂತ ಅಮ್ಮ ಬ್ಯಾಂಕಲ್ಲಿ ಗಿರವಿ ಇಟ್ಟಿದ್ದ ಬಳೆ. ಸೋಮವಾರ ಬ್ಯಾಂಕಿಗೆ ಹೋಗಬೇಕಿತ್ತು, ನಾನು ಶನಿವಾರ ಗೋವಾಕ್ಕೆ ಹೋದೆ. 30 ಸಾವಿರದ ಚಿಪ್ಸ್ ತಗೊಂಡ್ರೆ ರೂಮು ಫ್ರೀ ಅಂದ ಒಬ್ಬ ಏಜೆಂಟ್. ಆಡಿ ವಾಪಸ್ ಕೊಟ್ಟರೆ ಆಯ್ತಲ್ಲ, ರೂಮು ಲಾಭ ಅಂದ್ಕೊಂಡೆ.

ಹನ್ನೊಂದು ಗಂಟೆಗೆ ಆರು ಸಾವಿರ ಲಾಭದಲ್ಲಿದ್ದೆ. ಗೆಳೆಯ “ಏಳೋ, ಸಾಕು” ಅಂದ. “ರೂಮು ಫ್ರೀ ಇದೆಯಲ್ಲೋ, ಆತುರ ಏನು?” ಅಂದೆ. ಬಸ್ಸಿಗೆ ಹೊತ್ತಾಯ್ತು ಅನ್ನೋ ನೆಪ ಇದ್ದಿದ್ರೆ ಎದ್ದು ಬರ್ತಿದ್ದೆನೋ ಏನೋ. ಬೆಳಗಿನ ಜಾವ ನಾಲ್ಕಕ್ಕೆ ಎದ್ದಾಗ ಜೇಬಿನಲ್ಲಿದ್ದದ್ದು 1,400 ರೂಪಾಯಿ. ಏ.ಸಿ. ರೂಮಿನ ಮೆತ್ತನೆ ಹಾಸಿಗೆ ಮೇಲೆ ನಿದ್ದೆ ಬರಲಿಲ್ಲ. ಕೆಳಗಿಳಿದು ಕೌಂಟರಿನಲ್ಲಿ ಸುಮ್ಮನೆ ಕೇಳಿದೆ, ಈ ರೂಮಿಗೆ ಬಾಡಿಗೆ ಎಷ್ಟು ಅಂತ. ಎರಡೂವರೆ ಸಾವಿರ ಅಂದರು. ಎರಡೂವರೆ ಸಾವಿರದ ರೂಮಿಗೆ ನಾನು ಕೊಟ್ಟದ್ದು ಮೂವತ್ತು ಸಾವಿರ.

ಹೊರಡೋವಾಗ ಬಾತ್‌ರೂಮಿನ ಎರಡು ಪುಟ್ಟ ಸೋಪನ್ನ ಬ್ಯಾಗಿಗೆ ಹಾಕ್ಕೊಂಡೆ. ಡಿ ನೀರೋ ಚಿತ್ರದ ಆ ಜಪಾನಿ ಸಾಹುಕಾರನನ್ನ ನೋಡಿ ಹೊಟ್ಟೆ ಹಿಡ್ಕೊಂಡು ನಕ್ಕವನು ನಾನು! ಮನೆಗೆ ಬಂದೆ. ಅಮ್ಮ ಬ್ಯಾಗಿನಿಂದ ಬಟ್ಟೆ ತೆಗೀತಾ ಸೋಪು ಮೂಸಿ ನೋಡಿ, “ಘಮಘಮ ಅಂತಿದೆ ಕಣೋ, ಎಷ್ಟು ಕೊಟ್ಟೆ?” ಅಂದಳು. ನಾನು ಏನೂ ಹೇಳಲಿಲ್ಲ. ಬಳೆ ಮನೆಗೆ ಬರೋಕೆ ಇನ್ನೂ ಎಂಟು ತಿಂಗಳು ಹಿಡೀತು, ಬಡ್ಡಿ ಬೇರೆ.

ದಾವಣಗೆರೆಯ ಮಿತ್ರರೇ, ನಿಮ್ಮ ಪ್ರಶ್ನೆಗೆ ಉತ್ತರ: ಹೌದು, ಕೊಡ್ತಾರೆ. ರೂಮು ಕೊಡ್ತಾರೆ, ಊಟ ಕೊಡ್ತಾರೆ, ‘ಸಾರ್’ ಅಂತಾನೂ ಅಂತಾರೆ. ಗೋವಾಕ್ಕೆ ಖಂಡಿತ ಹೋಗಿ. ಮೂವರೂ ಸೇರಿ ದುಡ್ಡು ಹಾಕಿ ಒಂದು ಸಾಧಾರಣ ಲಾಡ್ಜು ಮಾಡಿ, ಸಮುದ್ರ ನೋಡಿ, ಮೀನೂಟ ಮಾಡಿ. ಹಡಗು ಹತ್ತಲೇಬೇಕು ಅಂತಿದ್ರೆ ಟಿಕೆಟ್ಟಿನ ದುಡ್ಡು ಸಿನಿಮಾಕ್ಕೆ ಕೊಟ್ಟ ಹಾಗೆ ಅಂದ್ಕೊಳ್ಳಿ. ಊಟ ಮಾಡಿ, ಕೊಟ್ಟ ಚಿಪ್ಸ್ ಆಡಿ, ಎದ್ದು ಬನ್ನಿ. 21 ತುಂಬದವರನ್ನ ಒಳಗೆ ಬಿಡಲ್ಲ, ನೆನಪಿರಲಿ. ಆದರೆ ಏಜೆಂಟ್ ಕೊಡೋ ಓಸಿ ರೂಮಿನ ಬೀಗದ ಕೈ ಮಾತ್ರ ಮುಟ್ಟಬೇಡಿ. ವಾಪಸ್ ಬಸ್ಸಿನ ಟಿಕೆಟ್ ಮೊದಲೇ ತೆಗೆದು ಜೇಬಿನಲ್ಲಿಟ್ಟುಕೊಂಡು ಹೋಗಿ.

ಬಂದ ಮೇಲೆ ಒಂದು ಪತ್ರ ಹಾಕಿ. ಕಾಯ್ತಿರ್ತೀನಿ.

ಮುಂದಿನ ವಾರ ಮತ್ತೆ ಸಿಗೋಣ.