ಆ್ಯಪ್ ಹಾಕಿಸುವುದು ಸುಲಭ, ತೆರೆಸುವುದು ಕಷ್ಟ

ಕಂಪನಿಯೊಂದು ಹೊಸ ಆ್ಯಪ್ ತಂದು, ತಿಂಗಳುಗಳಾದರೂ ನೌಕರರು ಅದನ್ನು ಮುಟ್ಟದಿದ್ದರೆ ಮೀಟಿಂಗಿನಲ್ಲಿ ಮೊದಲು ಬರುವ ಮಾತು ಒಂದೇ: ‘ನಮ್ಮ ಜನಕ್ಕೆ ಟೆಕ್ನಾಲಜಿ ಹತ್ತುವುದಿಲ್ಲ’. ಈ ಮಾತನ್ನು ನಾನು ಒಪ್ಪುವುದಿಲ್ಲ. ಯುಪಿಐ ಬಂದಿದ್ದು 2016ರಲ್ಲಿ. ಸೊಪ್ಪು ಮಾರುವ ಅಜ್ಜಿಗೆ ಅದನ್ನು ಕಲಿಸಲು ಯಾವ ಎಚ್‌ಆರ್ ವಿಭಾಗವೂ ತರಬೇತಿ ಇಟ್ಟುಕೊಳ್ಳಲಿಲ್ಲ. ಬಂದ ದುಡ್ಡನ್ನು ಗಟ್ಟಿಯಾಗಿ ಕೂಗಿ ಹೇಳುವ ಪುಟ್ಟ ಪೆಟ್ಟಿಗೆ ಬಂದ ಮೇಲಂತೂ ಕೈಯಲ್ಲಿ ತಕ್ಕಡಿ ಹಿಡಿದವರು ಮೊಬೈಲ್ ನೋಡುವ ಅಗತ್ಯವೂ ಉಳಿಯಲಿಲ್ಲ. ಅದು ಅವರ ಕಷ್ಟ ನೋಡಿ ಮಾಡಿದ ವಸ್ತು.

ಕಳೆದ ರಜೆಯಲ್ಲಿ ನಾಲ್ಕು ವಾರ ಬಿಡಿಭಾಗ ತಯಾರಿಸುವ ಕಾರ್ಖಾನೆಯೊಂದರಲ್ಲಿ ಇಂಟರ್ನ್‌ಶಿಪ್ ಮಾಡಿದೆ. ಹಾಜರಾತಿ, ರಜೆ, ಪೇ ಸ್ಲಿಪ್ ಎಲ್ಲಕ್ಕೂ ಅಲ್ಲಿ ಆಗತಾನೇ ಹೊಸ ಆ್ಯಪ್ ಬಂದಿತ್ತು. ಬಿಇ ಓದುವವರಿಗೆ ಮೊಬೈಲ್ ರಿಪೇರಿಯೂ ಬರುತ್ತದೆ ಎಂಬ ನಂಬಿಕೆ ಎಲ್ಲ ಕಡೆ ಇದೆಯಲ್ಲ, ಹಾಗಾಗಿ ಎಲ್ಲರ ಫೋನಿಗೆ ಅದನ್ನು ಹಾಕಿಕೊಡುವ ಕೆಲಸ ನನ್ನ ತಲೆಗೆ ಬಂತು. ಮೊದಲು ಹಾಕಿಸಿಕೊಂಡವರಿಗೆ ಟೀ ಶರ್ಟ್. ಒಂದೇ ವಾರದಲ್ಲಿ ಬಹುತೇಕ ಎಲ್ಲರ ಫೋನಿನಲ್ಲೂ ಆ್ಯಪ್ ಕೂತಿತು. ತೆರೆದವರು ಬೆರಳೆಣಿಕೆಯಷ್ಟು.

ಕಾರಣ ಹುಡುಕಲು ದೂರ ಹೋಗಬೇಕಿರಲಿಲ್ಲ. ಯಂತ್ರಗಳಿರುವ ಕಡೆಗೆ ಫೋನ್ ಒಯ್ಯುವಂತಿಲ್ಲ, ಗೇಟಿನ ಲಾಕರ್‌ನಲ್ಲೇ ಇಡಬೇಕು. ರಜೆಗೆ ಒಪ್ಪಿಗೆ ಸಿಕ್ಕಿದೆಯೇ ಎಂದು ತಿಳಿಯಲು ಶಿಫ್ಟ್ ಮುಗಿಯುವವರೆಗೆ ಕಾಯಬೇಕು. ಮೊದಲಾದರೆ ‘ನಾಳೆ ಬರಲ್ಲ ಸಾರ್, ಮಗೂಗೆ ಹುಷಾರಿಲ್ಲ’ ಎಂದು ಸೂಪರ್‌ವೈಸರ್‌ಗೆ ಹೇಳಿದರೆ ನಿಮಿಷದಲ್ಲಿ ಉತ್ತರ. ಈಗ ಆ್ಯಪ್ ಎರಡು ದಿನ ‘ಪೆಂಡಿಂಗ್’ ಎಂದು ತೋರಿಸುತ್ತದೆ. ಕೊನೆಗೆ ಅದೇ ಸೂಪರ್‌ವೈಸರ್ ಹತ್ತಿರ ಹೋಗಿ ‘ಸ್ವಲ್ಪ ಆ್ಯಪ್ ನೋಡಿ ಸಾರ್’ ಎನ್ನಬೇಕು. ಪಂಚ್ ಬೀಳದ ದಿನವನ್ನು ಸರಿಪಡಿಸುವ ಬಟನ್ ಮೇಲೆ ಇಂಗ್ಲಿಷಿನಲ್ಲಿ ‘ರೆಗ್ಯುಲರೈಸ್’ ಎಂದಿತ್ತು. ಅದನ್ನು ಒತ್ತದಿದ್ದರೆ ಆ ದಿನದ ಸಂಬಳ ಕಟ್. ‘ಕೆಲಸ ಮಾಡಿದ್ದೂ ನಾನೇ, ಮಾಡಿದ್ದೀನಿ ಅಂತ ಅರ್ಜಿ ಹಾಕ್ಬೇಕಾದ್ದೂ ನಾನೇನಾ?’ ಎಂದು ಹಿರಿಯ ಆಪರೇಟರ್ ಒಬ್ಬರು ಕೇಳಿದರು. ಇನ್ನು ಲೊಕೇಶನ್ ಅನುಮತಿ. ‘ಮನೇಲಿದ್ರೂ ನೋಡ್ತಾರಾ?’ ಎಂದು ಹಲವರು ಕೇಳಿದರೂ ಕಚೇರಿಯಿಂದ ಖಚಿತ ಉತ್ತರ ಬರಲಿಲ್ಲ. ಅವರೇ ಉತ್ತರ ಕಂಡುಕೊಂಡರು: ಲೊಕೇಶನ್ ಆಫ್.

ಇಂಥ ಆ್ಯಪ್‌ಗೆ ಮೂರನೇ ವಾರ ಜೀವ ಬಂತು. ಬೈಕ್ ಸಾಲಕ್ಕೆ ಮೂರು ತಿಂಗಳ ಪೇ ಸ್ಲಿಪ್ ಬೇಕಾಗಿದ್ದ ಒಬ್ಬರು ಅದನ್ನು ಆ್ಯಪ್‌ನಿಂದಲೇ ಇಳಿಸಿಕೊಂಡರು. ಹಿಂದೆ ಊಟದ ಹೊತ್ತಿನಲ್ಲಿ ಕೌಂಟರ್ ಮುಂದೆ ನಿಂತು ‘ನಾಳೆ ಬಾ’ ಎನ್ನಿಸಿಕೊಳ್ಳಬೇಕಿತ್ತು. ಸುದ್ದಿ ಕ್ಯಾಂಟೀನಿನಲ್ಲಿ ಹಬ್ಬಿತು. ಮಾರನೇ ದಿನ ಪಾಸ್‌ವರ್ಡ್ ಮರೆತವರ ಸಾಲು ನನ್ನ ಮುಂದೆ!

ಅಮೆರಿಕದ ಫ್ರೆಡ್ ಡೇವಿಸ್ 1989ರಲ್ಲಿ ಪ್ರಕಟಿಸಿದ ಅಧ್ಯಯನ ಇದನ್ನೇ ಹೇಳುತ್ತದೆ. ಹೊಸ ತಂತ್ರಾಂಶ ತಮ್ಮ ಕೆಲಸಕ್ಕೆ ಉಪಯೋಗ ಎನಿಸಬೇಕು, ಬಳಸಲು ಸುಲಭ ಎನಿಸಬೇಕು. ಇವೆರಡರಲ್ಲಿ ಉಪಯೋಗದ ತೂಕವೇ ಹೆಚ್ಚು ಎಂದು ಅವರು ಕಂಡುಕೊಂಡರು. ನಮ್ಮಲ್ಲಿ ಸುಲಭವಾಗಲಿ ಎಂದು ತರಬೇತಿ ಕೊಡುತ್ತಾರೆ. ಉಪಯೋಗದ ಬಗ್ಗೆ ಯಾರೂ ಕೇಳುವುದಿಲ್ಲ.

ಒತ್ತಾಯ ಮಾಡಿದರೆ ಏನಾಗುತ್ತದೆ ಎಂಬುದಕ್ಕೆ ನರೇಗಾ ಹಾಜರಾತಿ ಆ್ಯಪ್ ಸಾಕ್ಷಿ. ಸುಳ್ಳು ಹಾಜರಾತಿ ತಡೆಯಬೇಕೆಂಬ ಉದ್ದೇಶ ನ್ಯಾಯವಾದದ್ದೇ. 2023ರ ಜನವರಿ 1ರಿಂದ ಅದು ಕಡ್ಡಾಯವಾಯಿತು. ದಿನಕ್ಕೆರಡು ಬಾರಿ ಕೂಲಿಕಾರರ ಫೋಟೊ ತೆಗೆದು ಏರಿಸುವ ಹೊಣೆ ನಮ್ಮ ರಾಜ್ಯದಲ್ಲಿ ಕಾಯಕ ಬಂಧುಗಳ ಮೇಲೆ ಬಿತ್ತು. ನೆಟ್‌ವರ್ಕ್ ಇಲ್ಲದ ಊರಿನಲ್ಲಿ ಫೋಟೊ ಏರದಿದ್ದರೆ ದುಡಿದವರ ಕೂಲಿಗೇ ಕುತ್ತು. ಇತ್ತ ಸುಳ್ಳೂ ನಿಲ್ಲಲಿಲ್ಲ. ಫೋಟೊದ ಫೋಟೊ ತೆಗೆಯುವುದು, ಸಂಬಂಧವೇ ಇಲ್ಲದ ಚಿತ್ರ ಹಾಕುವುದು ನಡೆಯುತ್ತಿದೆ ಎಂದು 2025ರ ಜುಲೈನಲ್ಲಿ ಕೇಂದ್ರ ಗ್ರಾಮೀಣಾಭಿವೃದ್ಧಿ ಸಚಿವಾಲಯವೇ ಸುತ್ತೋಲೆ ಹೊರಡಿಸಬೇಕಾಯಿತು.

ಹಾಗೆಂದು ಕಡ್ಡಾಯವೇ ಕೂಡದು ಎನ್ನಲಾರೆ. ‘ಭೂಮಿ’ ಯೋಜನೆ ಬಂದಾಗ ಕೈಬರಹದ ಪಹಣಿಯನ್ನು ಅಮಾನ್ಯ ಮಾಡದಿದ್ದರೆ ಕಂಪ್ಯೂಟರ್ ಪಹಣಿ ನೆಲೆಯೂರುವುದು ಕಷ್ಟವಿತ್ತು. ಆದರೆ ಅಲ್ಲಿ ರೈತನಿಗೆ ಕೈಗೆ ಸಿಕ್ಕಿದ್ದು ಏನೆಂದು ಸ್ಪಷ್ಟವಿತ್ತು: 15 ರೂಪಾಯಿ ಕೊಟ್ಟರೆ ತಾಲ್ಲೂಕು ಕಚೇರಿಯಲ್ಲಿ ಪಹಣಿ.

ಕಂಪನಿಗಳೂ ಅಲ್ಲಿಂದ ಶುರು ಮಾಡಲಿ. ಮೊದಲ ದಿನ ಆ್ಯಪ್ ತೆರೆದಾಗ ಹಾಜರಾತಿಯ ಬದಲು ಪೇ ಸ್ಲಿಪ್, ಪಿಎಫ್, ಉಳಿದಿರುವ ರಜೆ ಕಾಣಲಿ, ಕನ್ನಡದಲ್ಲೇ. ಫೋನ್ ಒಳಗೆ ಬಿಡದ ಕಡೆ ಗೋಡೆಗೊಂದು ಟ್ಯಾಬ್ ಹಾಕಲಿ. ಸೂಪರ್‌ವೈಸರ್ ಎಷ್ಟು ಹೊತ್ತಿನೊಳಗೆ ಉತ್ತರಿಸಬೇಕೆಂಬ ನಿಯಮ ಅವರಿಗೂ ಇರಲಿ. ಕೆಳಗಿನವರಿಗೆ ಮಾತ್ರ ಗಡುವು ಏಕೆ? ಹೇಳಿಕೊಡುವ ಕೆಲಸವನ್ನು ನನ್ನಂಥ ನಾಲ್ಕು ವಾರದ ಅತಿಥಿಗೆ ಕೊಡದೆ, ಎಲ್ಲರೂ ನಂಬುವ ಹಳೆಯ ಆಪರೇಟರ್‌ಗೆ ಕೊಡಲಿ. ಅದಕ್ಕೆ ಓಟಿಯನ್ನೂ ಕೊಡಲಿ.

ನಾಳೆ ಇಂಥ ಆ್ಯಪ್ ಬರೆಯುವವರು ನಾವೇ ತಾನೆ? ನಮ್ಮ ಪ್ರಾಜೆಕ್ಟ್ ವೈವಾದಲ್ಲಿ ಡೇಟಾಬೇಸ್ ಯಾವುದು, ಸರ್ವರ್ ಎಲ್ಲಿ ಎಂದು ಕೇಳುತ್ತಾರೆ. ಇದನ್ನು ಯಾರು ಬಳಸಿ ನೋಡಿದರು ಎಂದು ಕೇಳಿದ್ದನ್ನು ನಾನಿನ್ನೂ ಕಂಡಿಲ್ಲ. ಮುಂದಿನ ಮಿನಿ ಪ್ರಾಜೆಕ್ಟ್‌ಗೆ ನಾವು ನಾಲ್ವರು ಹಾಸ್ಟೆಲ್ ಮೆಸ್ಸಿನ ಲೆಕ್ಕದ ಆ್ಯಪ್ ಆರಿಸಿಕೊಂಡಿದ್ದೇವೆ. ಕೋಡ್ ಬರೆಯುವ ಮೊದಲು ಒಂದು ವಾರ ಅಡುಗೆಯವರ ಪಕ್ಕ ಕೂತು, ಗೋಡೆಯ ಮೇಲೆ ಅವರು ಸೀಮೆಸುಣ್ಣದಲ್ಲಿ ಬರೆದಿಡುವ ಲೆಕ್ಕ ನೋಡಬೇಕೆಂದಿದ್ದೇವೆ. ಗೈಡ್ ಇನ್ನೂ ಒಪ್ಪಿಲ್ಲ.