ಹೊಸ ಟಿವಿ ಬಂತು, ಡಿಸ್ಕ್ ಪ್ಲೇಯರ್ ಬೇಕೆ?

ಚಿಕ್ಕಮಗಳೂರಿನಿಂದ ಮೂಡಿಗೆರೆಗೆ ಹೋಗುವ ದಾರಿಯ ವಸ್ತಾರೆ ಸೀಮೆಯಲ್ಲಿ ಕಾಫಿ ಮಾರಿದ ದುಡ್ಡು ಕೈಗೆ ಬಂದ ಮೇಲೆ ಹಳೆಯ ಡಬ್ಬಾ ಟಿವಿ ಅಟ್ಟಕ್ಕೆ, ಚಪ್ಪಟೆ ಟಿವಿ ಗೋಡೆಗೆ ಏರುವುದು ಮಾಮೂಲು. ಏರಿದ ದಿನವೇ ತಕರಾರೂ ಶುರು. ಹಳೇ ಪ್ಲೇಯರಿನ ಹಳದಿ, ಕೆಂಪು, ಬಿಳಿ ಪಿನ್ನುಗಳಿಗೆ ಹೊಸ ಟಿವಿಯ ಬೆನ್ನಲ್ಲಿ ತೂತೇ ಇಲ್ಲ. ಬೀರುವಿನಲ್ಲಿ ನೋಡಿದರೆ ಮದುವೆ, ಗೃಹಪ್ರವೇಶ, ಮಕ್ಕಳ ಸ್ಕೂಲ್ ಡೇ, ನಾಲ್ಕಾರು ಸಿನಿಮಾದ ಡಿಸ್ಕುಗಳು. ಹೊಸ ಪ್ಲೇಯರ್ ಕೊಳ್ಳಬೇಕೆ? ಕೊಂಡರೆ ಯಾವುದು? ನಿವೃತ್ತ ಮೇಷ್ಟ್ರೊಬ್ಬರು ಬೇಕು ಎನ್ನುತ್ತಾರೆ. ಟಿವಿ ರಿಪೇರಿಯವನು ಬೇಡ ಎನ್ನುತ್ತಾನೆ.

ಪರ: ಮಳೆಗಾಲಕ್ಕೆ ಸೌದೆ ಕೂಡಿಟ್ಟ ಹಾಗೆ

ಮಳೆ ಹಿಡಿಯುವ ಮುಂಚೆ ನಾವು ಸೌದೆ ಕೂಡಿಡುತ್ತೇವೆ, ಹಪ್ಪಳ ಸಂಡಿಗೆ ಡಬ್ಬಿಗೆ ತುಂಬುತ್ತೇವೆ. ಪೇಟೆಯಲ್ಲಿ ಸಿಗುವುದಿಲ್ಲವೆಂದಲ್ಲ, ಆರಿದ್ರೆ ಹಿಡಿದ ಮೇಲೆ ಪೇಟೆಗೆ ಹೋಗುವವರು ಯಾರು ಎಂದು. ಡಿಸ್ಕ್ ಪ್ಲೇಯರನ್ನೂ ನಾನು ಆ ಸಾಲಿಗೇ ಸೇರಿಸುತ್ತೇನೆ.

ನಮ್ಮ ಮನೆಗಳಿಗೆ ಟಿವಿ ಬರುವುದು ಎರಡು ದಾರಿಯಲ್ಲಿ. ಒಂದು ಡಿಶ್. ಅದರ ಸಿಗ್ನಲ್ ಬರುವ ಕೆಯು ಬ್ಯಾಂಡ್ ತರಂಗವನ್ನು ದಪ್ಪ ಮಳೆಹನಿ ನುಂಗಿಬಿಡುತ್ತದೆ. ಪುನರ್ವಸು, ಪುಷ್ಯ ಮಳೆ ಸುರಿಯುವಾಗ ಪರದೆಯ ಮೇಲೆ ಉಳಿಯುವುದು 'ಸಿಗ್ನಲ್ ಇಲ್ಲ' ಎಂಬ ಬರಹ ಮಾತ್ರ. ಇನ್ನೊಂದು ಇಂಟರ್ನೆಟ್. ಸಿಲ್ವರ್ ಮರದ ಕೊಂಬೆ ಬಿದ್ದು ತಂತಿ ಹರಿದರೆ ಅದೂ ಹೋಯಿತು. ಕರೆಂಟಿಲ್ಲದೆ ಟವರಿನ ಬ್ಯಾಟರಿ ಮುಗಿದರೆ ಮೊಬೈಲೂ ಹೋಯಿತು. ಆಗ ಮನೆಯ ಇನ್ವರ್ಟರಿನಲ್ಲಿ ನಡೆಯುವುದು ಟಿವಿ ಮತ್ತು ಅದರ ಪಕ್ಕದ ಪ್ಲೇಯರ್. ಪ್ಲೇಯರ್ ತಿನ್ನುವುದು ಹತ್ತು ಹದಿನೈದು ವಾಟ್ ಅಷ್ಟೆ.

ಡೇಟಾ ಲೆಕ್ಕವನ್ನೂ ಹಾಕಿ. ಸೆಕೆಂಡಿಗೆ 5 ಮೆಗಾಬಿಟ್ ವೇಗದಲ್ಲಿ ಎರಡು ಗಂಟೆಯ ಸಿನಿಮಾ ನೋಡಿದರೆ 4.5 ಜಿಬಿ ಖರ್ಚು. ದಿನಕ್ಕೆ ಎರಡು ಜಿಬಿ ಕೊಡುವ ರೀಚಾರ್ಜಿನಲ್ಲಿ ಇಂಟರ್‌ವಲ್ಲಿಗೇ ಬಾಗಿಲು ಮುಚ್ಚುತ್ತದೆ. ಒಂದು ಪದರದ ಡಿವಿಡಿಯಲ್ಲಿ 4.7 ಜಿಬಿ ಹಿಡಿಯುತ್ತದೆ. ಒಮ್ಮೆ ಕೊಂಡರೆ ನೂರು ಸಲ ನೋಡಿ, ಮತ್ತೆ ಕಾಸು ಕೇಳುವವರಿಲ್ಲ. ಆ್ಯಪಿನಲ್ಲಿ ಸಿನಿಮಾ ಇರುವುದು ಹಕ್ಕಿನ ಕರಾರು ಇರುವವರೆಗೆ ಮಾತ್ರ. ನಮ್ಮ ಮೂಡಿಗೆರೆಯ ತೇಜಸ್ವಿಯವರ ಕಥೆಗಳಿಂದ 'ತಬರನ ಕಥೆ', 'ಕುಬಿ ಮತ್ತು ಇಯಾಲ' ಸಿನಿಮಾಗಳಾಗಿವೆ. ಅಂಥವನ್ನು ಬೇಕೆಂದಾಗ ನೋಡುವ ಭರವಸೆ ಇರುವುದು ಬೀರುವಿನಲ್ಲಿ ಡಿಸ್ಕ್ ಇಟ್ಟುಕೊಂಡವನಿಗೆ.

ಇನ್ನು ಯಾವುದನ್ನು ಕೊಳ್ಳುವುದು. ಡಿವಿಡಿಯ ಚಿತ್ರದ ಅಳತೆ 720ಕ್ಕೆ 576 ಚುಕ್ಕಿ. 32 ಇಂಚಿನ ಎಚ್‌ಡಿ ರೆಡಿ ಟಿವಿಯದು ಸಾಮಾನ್ಯವಾಗಿ 1366ಕ್ಕೆ 768. ಸುಮಾರು ಎರಡೂವರೆ ಪಟ್ಟು ಹಿಗ್ಗಿದರೆ ಸಾಕು, ಕಣ್ಣಿಗೆ ತೊಂದರೆಯಿಲ್ಲ. ಇಂಥ ಮನೆಗೆ ಎಚ್‌ಡಿಎಂಐ ತೂತಿರುವ ಮಾಮೂಲಿ ಡಿವಿಡಿ ಪ್ಲೇಯರ್ ಸಾಕು. ಎರಡು ಮೂರು ಸಾವಿರದ ಮಾತು. ಫುಲ್ ಎಚ್‌ಡಿ ಟಿವಿಯಲ್ಲಿ ಡಿವಿಡಿಯ ಐದು ಪಟ್ಟು ಚುಕ್ಕಿಗಳಿವೆ. ಅದಕ್ಕೆ ಸರಿಸಮ ಚಿತ್ರ ಬೇಕೆನ್ನುವವರು ಬ್ಲೂ-ರೇ ನೋಡಬಹುದು. ಅದು ಡಿವಿಡಿಯನ್ನೂ ಓದುತ್ತದೆ. ಆದರೆ ಎಲ್ಲ ಬ್ಲೂ-ರೇ ಪ್ಲೇಯರುಗಳೂ ವಿಸಿಡಿ ಓದುವುದಿಲ್ಲ, ಕೊಳ್ಳುವ ಮುಂಚೆ ನಮ್ಮದೇ ಒಂದು ಡಿಸ್ಕ್ ಒಯ್ದು ಹಾಕಿಸಿ ನೋಡಬೇಕು. ವಿದೇಶದಿಂದ ಮಕ್ಕಳು ಡಿವಿಡಿ ತಂದುಕೊಟ್ಟರೆ ಪ್ರಾಂತದ ಸಂಖ್ಯೆ ನೋಡಿ: ಭಾರತದ್ದು 5.

ಎಲ್ಲರೂ ಟಿವಿಗೆ ತಕ್ಕ ಪ್ಲೇಯರ್ ಅನ್ನುತ್ತಾರೆ. ನಾನು ಹೇಳುವುದು ಬೀರುವಿನಲ್ಲಿರುವ ಡಿಸ್ಕಿಗೆ ತಕ್ಕ ಪ್ಲೇಯರ್. ಅಲ್ಲಿ ಮದುವೆ ಡಿವಿಡಿಗಳೇ ಇದ್ದರೆ ಎರಡೂವರೆ ಸಾವಿರಕ್ಕೆ ಕೆಲಸ ಮುಗಿಯಿತು.

ವಿರೋಧ: ಸೌದೆಗೇ ಗೆದ್ದಲು ಹಿಡಿದಿದೆ, ಮೇಷ್ಟ್ರೆ

ಮೇಷ್ಟ್ರು ಸೌದೆಯ ಮಾತು ಚೆನ್ನಾಗಿ ಆಡಿದರು. ಆದರೆ ಸೌದೆಗೇ ಗೆದ್ದಲು ಹಿಡಿದರೆ ಏನು ಮಾಡುತ್ತೀರಿ ಮಾರಾಯ್ರೆ?

ಮಳೆಗಾಲದಲ್ಲಿ ನನ್ನ ಮೇಜಿಗೆ ಬರುವ ಪ್ಲೇಯರುಗಳದ್ದು ಒಂದೇ ಕಥೆ. ಡಿಸ್ಕ್ ಹಾಕಿದರೆ ಗಿರ್ರೆಂದು ತಿರುಗಿ 'ನೋ ಡಿಸ್ಕ್' ಅನ್ನುತ್ತವೆ. ಬಿಚ್ಚಿದರೆ ಲೆನ್ಸಿನ ಮೇಲೆ ತೇವ, ದೂಳು, ಕೆಲವದರಲ್ಲಿ ಬೂಸಲು. ಟ್ರೇಯ ಬೆಲ್ಟ್ ಸಡಿಲ. ಲೆನ್ಸ್ ಒರೆಸಿ ಕೊಡಬಹುದು, ಬೆಲ್ಟ್ ಬದಲಿಸಬಹುದು. ಡಿಸ್ಕನ್ನು ಏನು ಮಾಡಲಿ? ಸ್ಟುಡಿಯೋದವರು ಬರೆದುಕೊಟ್ಟ ಮದುವೆ ಡಿವಿಡಿ ಕಂಪನಿಯಲ್ಲಿ ಅಚ್ಚೊತ್ತಿದ್ದಲ್ಲ. ಅದರೊಳಗೆ ಬಣ್ಣದ ತೆಳು ಪದರವಿದೆ, ಬರಹವೆಲ್ಲ ಅದರ ಮೇಲೆ. ಬಿಸಿಲು, ಬಿಸಿ, ತೇವ ಮೂರೂ ಅದಕ್ಕೆ ಆಗದು. ಹೊಸ ಪ್ಲೇಯರ್ ಕೊಂಡ ಮಾತ್ರಕ್ಕೆ ಅಳಿಸಿದ್ದು ಓದಲು ಬರುವುದಿಲ್ಲ.

ಎರಡನೆಯದು ಚಿತ್ರದ ವಿಚಾರ. ಮೇಷ್ಟ್ರು 32 ಇಂಚಿಗೆ ಲೆಕ್ಕ ಹೇಳಿದರು. ಈಗ ಜನ ತರುತ್ತಿರುವುದು 43, 55 ಇಂಚಿನ 4ಕೆ. ಅದರಲ್ಲಿ ಡಿವಿಡಿಯ ಸರಿಯಾಗಿ ಇಪ್ಪತ್ತು ಪಟ್ಟು ಚುಕ್ಕಿಗಳು. ವಿಸಿಡಿಯಾದರೆ 352ಕ್ಕೆ 288, ಎಂಬತ್ತು ಪಟ್ಟಿಗಿಂತ ಹೆಚ್ಚು ಹಿಗ್ಗಿಸಬೇಕು. ಅಂಗಡಿಯವರು 'ಅಪ್‌ಸ್ಕೇಲಿಂಗ್ ಇದೆ ಸರ್' ಅನ್ನುತ್ತಾರೆ. ಗಂಜಿಗೆ ನೀರು ಹಾಕಿದರೆ ಬಟ್ಟಲು ತುಂಬೀತು, ಅಗುಳು ಹೆಚ್ಚಾಗುವುದಿಲ್ಲ. ಆ ಹಿಗ್ಗಿಸುವ ಕೆಲಸವನ್ನು ಹೊಸ ಟಿವಿ ತಾನೇ ಮಾಡುತ್ತದೆ, ಅದಕ್ಕೆಂದು ಬೇರೆ ದುಡ್ಡು ಯಾಕೆ? 4ಕೆ ಡಿಸ್ಕ್ ಓದುವ ಪ್ಲೇಯರ್ ಕೊಳ್ಳೋಣವೆಂದರೆ ಟಿವಿಯ ಬೆಲೆಯನ್ನೇ ಕೇಳುತ್ತದೆ. ಕೊಂಡರೂ ಹಾಕುವುದಕ್ಕೆ ಕನ್ನಡದ ಡಿಸ್ಕ್ ಎಲ್ಲಿದೆ? ಅಂಗಡಿಯಲ್ಲಿ ಕನ್ನಡದ ಬ್ಲೂ-ರೇ ಕಾಣುವುದೇ ಅಪರೂಪ.

ಮಾಡುವವರೇ ಕೈಬಿಡುತ್ತಿರುವುದನ್ನೂ ನೋಡಿ. ಹೆಸರುವಾಸಿ ಪ್ಲೇಯರ್ ಮಾಡುತ್ತಿದ್ದ ಒಪ್ಪೊ 2018ರಲ್ಲಿ ನಿಲ್ಲಿಸಿತು. ಸೋನಿ 2025ರ ಫೆಬ್ರುವರಿಗೆ ಖಾಲಿ ಬ್ಲೂ-ರೇ ಡಿಸ್ಕ್ ತಯಾರಿಕೆ ಮುಗಿಸಿತು. ನಮ್ಮ ದೇಶದಲ್ಲೇ 28 ರೂಪಾಯಿಗೆ ಸಿನಿಮಾ ವಿಸಿಡಿ, 34ಕ್ಕೆ ಡಿವಿಡಿ ಮಾರಿ ಹಳ್ಳಿಹಳ್ಳಿಗೆ ತಲುಪಿಸಿದ್ದ ಮೋಸರ್ ಬೇರ್ ಕಂಪನಿ 2018ರಲ್ಲಿ ಮುಚ್ಚುವ ಆದೇಶಕ್ಕೆ ಬಂತು. ನಾಳೆ ನಿಮ್ಮ ಪ್ಲೇಯರಿನ ಲೆನ್ಸ್ ಹೋದರೆ ಬಿಡಿಭಾಗಕ್ಕೆ ನಾನು ಯಾರ ಮನೆ ಬಾಗಿಲು ತಟ್ಟಲಿ?

ಮಳೆಗಾಲದ ಮಾತು ನಿಜ, ಮೇಷ್ಟ್ರೆ. ಆದರೆ ಪೆನ್‌ಡ್ರೈವಿಗೂ ಸಿಗ್ನಲ್ ಬೇಡ, ಟವರ್ ಬೇಡ, ಟಿವಿ ಕೊಡುವ ಕರೆಂಟೇ ಅದಕ್ಕೆ ಸಾಕು. 64 ಜಿಬಿಯದರಲ್ಲಿ ಹನ್ನೆರಡು ತುಂಬಿದ ಡಿವಿಡಿ ಕೂರುತ್ತವೆ. ನಿಮ್ಮ ಸ್ವಂತ ಮದುವೆ, ನಾಮಕರಣದ ಡಿಸ್ಕುಗಳನ್ನು ತನ್ನಿ, ಎಂಪಿ4 ಮಾಡಿಸಿ ತುಂಬಿಸಿ. ಎರಡು ಪ್ರತಿ ಇರಲಿ, ಒಂದು ಬೆಂಗಳೂರಿನ ಮಗಳ ಮನೆಯಲ್ಲಿ. ಎರಡು ಎಚ್ಚರ: ಫ್ಯಾಟ್32 ಮಾದರಿಯ ಪೆನ್‌ಡ್ರೈವಿಗೆ 4 ಜಿಬಿ ಮೀರಿದ ಫೈಲ್ ಹೋಗುವುದಿಲ್ಲ, ಕಂಪ್ಯೂಟರಿನ ಯುಎಸ್‌ಬಿ ಡಿವಿಡಿ ಡ್ರೈವನ್ನು ನೇರ ಟಿವಿಗೆ ಚುಚ್ಚಿದರೆ ಸಾಮಾನ್ಯವಾಗಿ ಸಿನಿಮಾ ಬರುವುದಿಲ್ಲ, ಅಗ್ಗವೆಂದು ಅದನ್ನು ತಂದು ಬೈಕೊಳ್ಳಬೇಡಿ. ಎರಡೂವರೆ ಸಾವಿರದಲ್ಲಿ ಉಳಿದ ದುಡ್ಡಿಗೆ ಒಳ್ಳೆಯ ಸ್ಟೆಬಿಲೈಸರ್ ಹಾಕಿಸಿ, ಸಿಡಿಲು ಗುಡುಗಿದಾಗ ಪ್ಲಗ್ ಕಿತ್ತಿಡಿ. ಟಿವಿ ನಾಲ್ಕು ಮಳೆ ಹೆಚ್ಚು ಕಂಡೀತು.

ಒಂದು ಕಡೆ ನಾನು ಮೇಷ್ಟ್ರಿಗೆ ಸೋಲಬೇಕು. ಕಂಪನಿಯ ಸಿನಿಮಾ ಡಿಸ್ಕಿಗೆ ಬೀಗ ಹಾಕಿರುತ್ತಾರೆ, ಅದನ್ನು ಒಡೆದು ಪ್ರತಿ ಮಾಡಿಕೊಡೆಂದು ನನ್ನನ್ನು ಕೇಳಬೇಡಿ. 'ತಬರನ ಕಥೆ'ಯ ಡಿಸ್ಕ್ ನಿಮ್ಮಲ್ಲಿದ್ದರೆ ಅದಕ್ಕೆ ಪ್ಲೇಯರೇ ಗತಿ. ಹಾಗೆಂದು ಮನೆಗೊಂದು ಬೇಕೆ? ಒತ್ತು ಶಾವಿಗೆಯ ಒರಳು ಮನೆಮನೆಯಲ್ಲಿ ಇರುವುದಿಲ್ಲ; ಹಬ್ಬಕ್ಕೆ ಕೇರಿಯಲ್ಲಿ ಯಾರದೋ ಮನೆಯಿಂದ ಹೊತ್ತು ತರುತ್ತೇವೆ, ತೊಳೆದು ವಾಪಸ್ ಕೊಡುತ್ತೇವೆ. ಮೇಷ್ಟ್ರು ಕೊಳ್ಳಲಿ. ಅವರ ಮನೆ ಬಾಗಿಲು ತಟ್ಟಲು ನನಗೇನೂ ಸಂಕೋಚವಿಲ್ಲ. ನೀವು ಮಾತ್ರ ಆರಿದ್ರೆ ಹಿಡಿಯುವ ಮುಂಚೆ ಬೀರು ತೆಗೆದು ಡಿಸ್ಕುಗಳನ್ನು ಬೆಳಕಿಗೆ ಹಿಡಿದು ನೋಡಿ.