ಕದದೊಳಗಿನ ಮಾತು, ಬೀದಿಯ ಸುದ್ದಿ

ಮಕ್ಕಳೇ, ಈ ವಾರ ಒಂದು ಒಗಟಿನಿಂದ ಶುರು ಮಾಡೋಣ. ನಾನು ನಿಮಗೊಂದು ಕಾಗದ ಬರೆದು ಅಂಚೆಗೆ ಹಾಕಿದೆ ಅನ್ನಿ. ಅದು ನಿಮ್ಮ ಕೈ ಸೇರಿತು. ಈಗ ಆ ಕಾಗದ ಯಾರದು? ನಿಮ್ಮದು ಎನ್ನುತ್ತೀರಿ. ಸರಿ, ಹಾಳೆ ನಿಮ್ಮದೇ. ಪೆಟ್ಟಿಗೆಯಲ್ಲಿ ಜೋಪಾನವಾಗಿ ಇಡಬಹುದು, ಹರಿದು ಒಲೆಗೂ ಹಾಕಬಹುದು. ಆದರೆ ಅದರಲ್ಲಿರುವ ಮಾತುಗಳು ನನ್ನವು. ನನ್ನನ್ನು ಕೇಳದೆ ಅದನ್ನು ಅಚ್ಚು ಹಾಕಿಸಿ ಮಾರುವಂತಿಲ್ಲ. ಒಂದೇ ಕಾಗದಕ್ಕೆ ಇಬ್ಬರು ಒಡೆಯರು! ಈ ಸಣ್ಣ ಎಳೆಯನ್ನು ಹಿಡಿದು ದೊಡ್ಡದೊಂದು ಹಕ್ಕನ್ನೇ ನೇಯ್ದ ವಕೀಲರೊಬ್ಬರಿದ್ದರು.

ಅವರ ಹೆಸರು ಲೂಯಿಸ್ ಬ್ರಾಂಡೈಸ್. ಹುಟ್ಟಿದ್ದು 1856ರಲ್ಲಿ, ಅಮೆರಿಕದ ಕೆಂಟಕಿ ರಾಜ್ಯದ ಲೂಯಿವಿಲ್ ಊರಿನಲ್ಲಿ. ಹಾರ್ವರ್ಡ್‌ನಲ್ಲಿ ಕಾನೂನು ಓದುವಾಗ ಕಣ್ಣು ಕೈಕೊಟ್ಟಿತು. ಗೆಳೆಯರು ಪಾಠವನ್ನು ಗಟ್ಟಿಯಾಗಿ ಓದಿ ಹೇಳುವರು, ಇವರು ಕೇಳಿಯೇ ನೆನಪಿಟ್ಟುಕೊಳ್ಳುವರು. ಹಾಗೆ ಕಲಿತೂ 1877ರಲ್ಲಿ ತರಗತಿಗೇ ಮೊದಲಿಗರಾಗಿ ಹೊರಬಂದರು. ಆಗ ಅವರಿಗೆ ಇಪ್ಪತ್ತೇ ವರ್ಷ. ಎರಡು ವರ್ಷದ ಮೇಲೆ ಬಾಸ್ಟನ್ನಿನಲ್ಲಿ ಸಹಪಾಠಿ ಸ್ಯಾಮ್ಯುಯೆಲ್ ವಾರೆನ್ ಜೊತೆ ಸೇರಿ ವಕೀಲಿ ಕಚೇರಿ ತೆರೆದರು.

ಅದು ಕ್ಯಾಮೆರಾ ಕೈಗೆ ಬಂದ ಕಾಲ. 1888ರಲ್ಲಿ ಕೊಡಕ್ ಕಂಪನಿಯ ಪೆಟ್ಟಿಗೆ ಕ್ಯಾಮೆರಾ ಮಾರುಕಟ್ಟೆಗೆ ಬಂತು. ಅದಕ್ಕೆ ಮುಂಚೆ ಫೋಟೋ ಬೇಕೆಂದರೆ ಸ್ಟುಡಿಯೋಗೆ ಹೋಗಿ ಕದಲದೆ ಕೂರಬೇಕಿತ್ತು. ಈಗ ದಾರಿಯಲ್ಲಿ ಹೋಗುವವರನ್ನು ಅವರಿಗೇ ತಿಳಿಯದಂತೆ ಹಿಡಿಯಬಹುದು! ಪತ್ರಿಕೆಗಳಿಗೂ ಮನೆಮನೆಯ ಗಾಳಿಮಾತು ಬೇಕಾಗಿತ್ತು. 1890ರ ಡಿಸೆಂಬರಿನಲ್ಲಿ ಈ ಇಬ್ಬರು ಗೆಳೆಯರು ಹಾರ್ವರ್ಡ್‌ನ ಕಾನೂನು ಪತ್ರಿಕೆಯಲ್ಲಿ ಖಾಸಗಿತನದ ಹಕ್ಕು ಎಂಬ ಲೇಖನ ಬರೆದರು.

ಅದರಲ್ಲಿ ಅವರು ಎತ್ತಿ ತೋರಿಸಿದ ಒಂದು ಮೊಕದ್ದಮೆ ನನಗೆ ಬಹಳ ಇಷ್ಟ. ಇಂಗ್ಲೆಂಡಿನ ವಿಕ್ಟೋರಿಯಾ ರಾಣಿಗೂ ಗಂಡ ಆಲ್ಬರ್ಟ್‌ಗೂ ಲೋಹದ ತಗಡಿನ ಮೇಲೆ ಚಿತ್ರ ಕೊರೆಯುವ ಹವ್ಯಾಸ. ತಮಗೂ ಆಪ್ತರಿಗೂ ಎಂದು ಕೆಲವು ಪ್ರತಿ ತೆಗೆಸಲು ಮುದ್ರಕನಿಗೆ ಕೊಟ್ಟರೆ, ಅವನಲ್ಲಿದ್ದ ಕೆಲಸಗಾರ ಗುಟ್ಟಾಗಿ ಹೆಚ್ಚಿನ ಪ್ರತಿ ತೆಗೆದುಕೊಂಡ. ಅವು ಕೈಯಿಂದ ಕೈಗೆ ದಾಟಿದವು. ಸ್ಟ್ರೇಂಜ್ ಎಂಬ ಪ್ರಕಾಶಕ ಆ ಚಿತ್ರಗಳ ವಿವರಣೆಯ ಪಟ್ಟಿಯನ್ನು ಅಚ್ಚು ಹಾಕಲು ಹೊರಟ. ಆಲ್ಬರ್ಟ್ ಕೋರ್ಟಿಗೆ ಹೋದರು. 1849ರಲ್ಲಿ ಕೋರ್ಟು ಚಿತ್ರಗಳಿರಲಿ, ಬರೀ ಪಟ್ಟಿಯನ್ನೂ ಪ್ರಕಟಿಸಬಾರದು ಎಂದಿತು. ಬ್ರಾಂಡೈಸ್ ಮತ್ತು ವಾರೆನ್ ಕೇಳಿದ್ದು ಇಷ್ಟೇ: ಇಲ್ಲಿ ಕಾನೂನು ಕಾಪಾಡಿದ್ದು ಚಿತ್ರದ ಬೆಲೆಯನ್ನೇ? ಪಟ್ಟಿಯಲ್ಲಿ ಚಿತ್ರವೇ ಇರಲಿಲ್ಲವಲ್ಲ! ಕಾಪಾಡಿದ್ದು ಮನೆಯವರ ನೆಮ್ಮದಿಯನ್ನು. ರಾಣಿಯ ಮನೆಗೆ ಸಿಕ್ಕಿದ್ದು ಎಲ್ಲರ ಮನೆಗೂ ಸಿಗಬೇಡವೇ?

ಬ್ಯಾಂಕಿನಲ್ಲಿ ಲೆಡ್ಜರ್ ಬರೆದೇ ತಲೆ ಹಣ್ಣಾದ ನನಗೆ ಈ ವಾದ ಚೆನ್ನಾಗಿ ಅರ್ಥವಾಗುತ್ತದೆ. ಕೆಲಸಕ್ಕೆ ಸೇರಿದಾಗ ಗ್ರಾಹಕರ ವ್ಯವಹಾರವನ್ನು ಹೊರಗೆ ಹೇಳುವುದಿಲ್ಲವೆಂದು ಬರೆದುಕೊಟ್ಟು ಸಹಿ ಹಾಕಿದ್ದೆವು. ಮದುವೆ ಮನೆಯ ಪಂಕ್ತಿಯಲ್ಲಿ ಪಕ್ಕದವರು, ‘ಏನು ಸ್ವಾಮಿ, ಅವರ ಖಾತೆಯಲ್ಲಿ ಎಷ್ಟಿರಬಹುದು?’ ಎಂದು ಮೆಲ್ಲಗೆ ಕೆದಕುವುದುಂಟು. ‘ಇನ್ನೊಂದು ಹೋಳಿಗೆ ಹಾಕಿಸಿಕೊಳ್ಳಿ’ ಎನ್ನುವುದೇ ನನ್ನ ಉತ್ತರ. ಅಂದಹಾಗೆ, ಬ್ರಾಂಡೈಸರಿಗೆ ಬ್ಯಾಂಕಿನ ನಂಟೂ ಇತ್ತು. ಕೂಲಿಕಾರರಿಗೆ ವಿಮೆ ದುಬಾರಿಯಾಗಿದೆಯೆಂದು, ಉಳಿತಾಯ ಬ್ಯಾಂಕುಗಳೇ ಅಗ್ಗದ ವಿಮೆ ಕೊಡುವ ಕಾನೂನನ್ನು 1907ರಲ್ಲಿ ಮ್ಯಾಸಚೂಸೆಟ್ಸ್ ರಾಜ್ಯದಲ್ಲಿ ಮಾಡಿಸಿದರು.

1916ರಲ್ಲಿ ಅವರು ಅಮೆರಿಕದ ಸುಪ್ರೀಂ ಕೋರ್ಟಿನ ನ್ಯಾಯಮೂರ್ತಿಯಾದರು. ಎರಡು ವರ್ಷದಲ್ಲಿ ತಮಾಷೆಯ ಮೊಕದ್ದಮೆಯೊಂದು ಬಂತು. ಮೊದಲ ಮಹಾಯುದ್ಧದ ಸುದ್ದಿಯನ್ನು ಅಸೋಸಿಯೇಟೆಡ್ ಪ್ರೆಸ್ ಹಣ ಸುರಿದು ತರಿಸುತ್ತಿತ್ತು. ಎದುರಾಳಿ ಸುದ್ದಿಸಂಸ್ಥೆಗೆ ಬ್ರಿಟನ್ ಮತ್ತು ಫ್ರಾನ್ಸ್ ತಮ್ಮ ತಂತಿ ಬಳಸಲು ಬಿಡಲಿಲ್ಲ. ಅದು ಏನು ಮಾಡಿತು? ಪೂರ್ವ ಕರಾವಳಿಯ ಪತ್ರಿಕಾ ಕಚೇರಿಗಳ ಮುಂದೆ ಹಲಗೆಯ ಮೇಲೆ ಹಾಕಿದ ಸುದ್ದಿಯನ್ನೂ ಬೆಳಗಿನ ಮೊದಲ ಪ್ರತಿಗಳನ್ನೂ ಓದಿ, ಅದನ್ನೇ ಪಶ್ಚಿಮಕ್ಕೆ ಟೆಲಿಗ್ರಾಫ್ ಮಾಡಿತು. ಅಲ್ಲಿ ಇನ್ನೂ ಬೆಳಗಾಗಿರುವುದಿಲ್ಲ! ಇದು ತಪ್ಪು ಎಂದಿತು ಕೋರ್ಟು. ಖಾಸಗಿತನಕ್ಕೆ ಅಷ್ಟು ವಾದಿಸಿದ ಬ್ರಾಂಡೈಸ್ ಇಲ್ಲಿ ಒಪ್ಪಲಿಲ್ಲ. ತಾನಾಗಿ ಬೀದಿಗೆ ಬಿಟ್ಟ ಸುದ್ದಿಯೂ ಜ್ಞಾನವೂ ಗಾಳಿಯ ಹಾಗೆ ಎಲ್ಲರದು, ಅದಕ್ಕೆ ಹೊಸ ಬೇಲಿ ಬೇಕೆನಿಸಿದರೆ ಶಾಸನಸಭೆ ಯೋಚಿಸಿ ಹಾಕಲಿ, ನಾವಲ್ಲ ಎಂಬುದು ಅವರ ನಿಲುವು. ನನಗೇನೋ ಖರ್ಚು ಮಾಡಿದವರ ಕಡೆಗೂ ಸ್ವಲ್ಪ ಮನಸ್ಸು ವಾಲುತ್ತದೆ. ಆದರೆ ಅವರ ಗೆರೆ ಸ್ಪಷ್ಟ: ಬೀರುವಿನಲ್ಲಿಟ್ಟ ಕಾಗದ ಬೇರೆ, ಹಲಗೆಗೆ ಅಂಟಿಸಿದ ಕಾಗದ ಬೇರೆ.

ಹಾಗಾದರೆ ತಂತಿಯಲ್ಲಿ ಹರಿಯುವ ಮಾತು? 1928ರಲ್ಲಿ ಆ ಪ್ರಶ್ನೆ ಎದ್ದಿತು. ಮದ್ಯ ನಿಷೇಧವಿದ್ದ ಕಾಲ. ಸಿಯಾಟಲ್‌ನ ರಾಯ್ ಓಮ್‌ಸ್ಟೆಡ್ ಹಿಂದೆ ಪೊಲೀಸ್ ಅಧಿಕಾರಿ, ಈಗ ಮದ್ಯ ಸಾಗಿಸುವವರ ನಾಯಕ. ಸರ್ಕಾರದವರು ಅವನ ಮನೆಯೊಳಗೆ ಕಾಲಿಡದೆ, ಹೊರಗಿನ ತಂತಿಗೆ ತಂತಿ ಕಟ್ಟಿ ತಿಂಗಳುಗಟ್ಟಲೆ ಫೋನ್ ಆಲಿಸಿದರು. ಬರೆದುಕೊಂಡದ್ದು ಟೈಪು ಮಾಡಿದ 775 ಪುಟ! ಒಳಗೆ ನುಗ್ಗಿಲ್ಲ, ಏನನ್ನೂ ಎತ್ತಿಲ್ಲ, ಆದ್ದರಿಂದ ಸರಿ ಎಂದರು ಐವರು ನ್ಯಾಯಮೂರ್ತಿಗಳು. ಒಪ್ಪದ ನಾಲ್ವರಲ್ಲಿ ಬ್ರಾಂಡೈಸ್ ಒಬ್ಬರು. ಅಂಟಿಸಿದ ಲಕೋಟೆಯನ್ನು ಒಡೆಯಬಾರದು ಎಂದಾದರೆ ಫೋನಿನ ಮಾತು ಏಕೆ ಬೇರೆ? ಒಬ್ಬನ ತಂತಿ ಕದ್ದು ಕೇಳಿದರೆ ಅವನೊಡನೆ ಮಾತಾಡಿದ ಎಲ್ಲರ ಮಾತನ್ನೂ ಕದ್ದಂತಲ್ಲವೇ? ಮುಂದೊಂದು ದಿನ ಡ್ರಾಯರ್ ತೆರೆಯದೆಯೇ ಅದರೊಳಗಿನ ಕಾಗದವನ್ನು ಕೋರ್ಟಿಗೆ ತರುವ ಉಪಾಯ ಸರ್ಕಾರಕ್ಕೆ ಸಿಕ್ಕೀತು ಎಂದೂ ಎಚ್ಚರಿಸಿದರು. ಕಂಪ್ಯೂಟರ್ ಎಂಬ ಯಂತ್ರ ಆಗ ಯಾರ ಮನೆಯಲ್ಲೂ ಇರಲಿಲ್ಲ.

ಅವರು 1941ರಲ್ಲಿ ತೀರಿಕೊಂಡರು. 1967ರಲ್ಲಿ ಅದೇ ಕೋರ್ಟು, ಟೆಲಿಫೋನ್ ಬೂತಿನ ಹೊರಗೆ ಯಂತ್ರ ಅಂಟಿಸಿ ಕೇಳಿದ ಪ್ರಕರಣದಲ್ಲಿ ಹಳೆಯ ತೀರ್ಪನ್ನು ಕೈಬಿಟ್ಟಿತು.

ಅಷ್ಟು ದೂರದ ಕಥೆ ನಮಗೇಕೆ ಎನ್ನಬೇಡಿ. ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ. ಎಸ್. ಪುಟ್ಟಸ್ವಾಮಿ ಅವರು 2012ರಲ್ಲಿ, ತಮ್ಮ 86ನೇ ವಯಸ್ಸಿನಲ್ಲಿ, ಆಧಾರ್ ಯೋಜನೆಯನ್ನು ಪ್ರಶ್ನಿಸಿ ಸುಪ್ರೀಂ ಕೋರ್ಟಿಗೆ ಹೋದರು. ನನಗಿಂತ ಹಿರಿಯರು! ನಮ್ಮ ಸಂವಿಧಾನದಲ್ಲಿ ಖಾಸಗಿತನದ ಹಕ್ಕು ಇದೆಯೇ ಎಂಬುದೇ ಮೊದಲ ಪ್ರಶ್ನೆಯಾಯಿತು. 1954ರಲ್ಲಿ ಎಂಟು ನ್ಯಾಯಮೂರ್ತಿಗಳ ಪೀಠ ಇದಕ್ಕೆ ವಿರುದ್ಧವಾಗಿ ಹೇಳಿತ್ತು. ಎಂಟನ್ನು ದಾಟಲು ಒಂಬತ್ತು ಬೇಕು. ಹಾಗಾಗಿ ಒಂಬತ್ತು ಮಂದಿ ಕುಳಿತರು. 2017ರ ಆಗಸ್ಟ್ 24ರಂದು ಒಂಬತ್ತೂ ಮಂದಿ ಒಮ್ಮತದಿಂದ ಅದು ಮೂಲಭೂತ ಹಕ್ಕು ಎಂದರು. ಆ ತೀರ್ಪಿನ ಪುಟಗಳಲ್ಲಿ ಬಾಸ್ಟನ್ನಿನ ಇಬ್ಬರು ಗೆಳೆಯರ 1890ರ ಲೇಖನವೂ ಇದೆ.